ಕಾಂತಿ ಮಾಡಿದ ಕಲ್ಲಿನ ಕೋವಿ

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ. ಕಂಡಕ್ಟರುಗಳು ಅದನ್ನು 'ಕೋವಿ ಸ್ಟಾಪು' ಎಂದು ಕೂಗುತ್ತಾರೆ. ಸರಕಾರ ಇಟ್ಟ ಹೆಸರು ಬೇರೆ ಇದೆ, ಆದರೆ ಬೋರ್ಡು ಬರೆದವನನ್ನು ಬಿಟ್ಟರೆ ಯಾರೂ ಅದನ್ನು ಬಳಸಿದ ಹಾಗಿಲ್ಲ. ಅಲ್ಲಿ ಇಳಿದರೆ ಎದುರಿಗೇ ಹೆಂಚಿನ ಮಾಡು, ಮಾಡಿನ ಕೆಳಗೆ ಕುಲುಮೆ, ಕುಲುಮೆಯ ಪಕ್ಕದಲ್ಲಿ ಮೇಜಿಗೆ ಕೋವಿಯೊಂದನ್ನು ಬಿಗಿದು ಅರ ಉಜ್ಜುತ್ತಿರುವ ಕಾಂತಿ. ವಯಸ್ಸು ನಲವತ್ತೇಳು. ಸೀರೆಯ ಮೇಲೆ ಗಂಡಸರ ಅಂಗಿ, ಮೂಗಿನ ತುದಿಗೆ ಕನ್ನಡಕ, ಬಳೆಗೆ ಸಿಕ್ಕಿಸಿಕೊಂಡ ನಾಲ್ಕೈದು ಪಿನ್ನು.

ಮೊದಲ ಸಲ ಬಂದವರು ಅವಳನ್ನು ನೋಡಿ, "ಆಚಾರಿ ಇಲ್ವಾ?" ಎಂದು ಕೇಳುತ್ತಾರೆ. "ಇದ್ದಾರೆ, ಕೂತ್ಕೊಳ್ಳಿ" ಎಂದು ಅವರ ಕೈಯಿಂದ ಕೋವಿ ತೆಗೆದುಕೊಂಡು, ಅವರು ಆಚಾರಿಯ ದಾರಿ ಕಾಯುತ್ತಿರುವಾಗಲೇ ಕೆಲಸ ಮುಗಿಸಿ ಕೊಡುವುದು ಅವಳ ಕ್ರಮ. ಕೆಲವರು ಕೋವಿ ಹಿಡಿದುಕೊಂಡ ಮೇಲೂ ಕಾಯುತ್ತಾರೆ. ಅಂಥವರನ್ನು ಕಾಯಲು ಬಿಟ್ಟು ಅವಳು ಬೇರೆ ಕೆಲಸಕ್ಕೆ ಕೈ ಹಾಕುತ್ತಾಳೆ.

ಘಟ್ಟದ ಬುಡದ ಊರುಗಳಲ್ಲಿ ಬೆಳೆ ಕಾಯಲು ಕೋವಿ ಬೇಕು. ಹಂದಿ ಗದ್ದೆ ಅಗೆಯುತ್ತದೆ, ಮಂಗ ಎಳನೀರು ಕುಡಿದು ಚಿಪ್ಪನ್ನು ಯಜಮಾನನ ತಲೆಗೇ ಎಸೆಯುತ್ತದೆ. ಹೊಡೆಯದಿದ್ದರೂ ಸದ್ದಾದರೂ ಆಗಬೇಕು. ಚುನಾವಣೆ ಬಂತೆಂದರೆ ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಯಲ್ಲಿ ಠೇವಣಿ ಇಡಬೇಕು. ಎರಡು ತಿಂಗಳು ಅಲ್ಲಿ ಒಂದರ ಮೇಲೊಂದು ಬಿದ್ದುಕೊಂಡು ತುಕ್ಕು ಹಿಡಿದು ಬರುತ್ತವೆ. ಆಗ ಕಾಂತಿಗೆ ಸುಗ್ಗಿ. ಪ್ರಜಾಪ್ರಭುತ್ವದಿಂದ ನಿಜವಾಗಿ ಲಾಭವಾದವರ ಪಟ್ಟಿ ಮಾಡಿದರೆ ಅವಳ ಹೆಸರೂ ಅದರಲ್ಲಿ ಬರಬೇಕು.

ಪರವಾನಗಿ ಮಾತ್ರ ಅವಳ ಹೆಸರಿನಲ್ಲಿಲ್ಲ. ಅದು ಅಪ್ಪ ಅಣ್ಣಿ ಆಚಾರಿಯವರದು. 'ಕೋವಿ ತಯಾರಿ ಮತ್ತು ದುರಸ್ತಿ' ಎಂದು ಅದರಲ್ಲಿ ಬರೆದಿದೆ. ಆಚಾರಿಗೆ ಎಂಬತ್ತೊಂದು. ಕಣ್ಣಿಗೆ ಪೊರೆ ತೆಗೆಸಿದ ಮೇಲೆ ದೃಷ್ಟಿ ಚೊಕ್ಕವಾಗಿದೆ, ಕೈ ನಡುಗುತ್ತದೆ. ಕೋವಿ ಮಾಡುವ ಆಚಾರಿ ಎಂದು ಮೂರು ತಾಲೂಕುಗಳಲ್ಲಿ ಅವರಿಗೆ ಹೆಸರು. ಕೊನೆಯ ಕೋವಿ ಯಾವಾಗ ಮಾಡಿದ್ದು ಎಂದು ಯಾರೂ ಕೇಳಿದವರಲ್ಲ. ಹೆಸರು ಒಂದು ಸಲ ನಿಂತ ಮೇಲೆ ಜನ ಲೆಕ್ಕ ಕೇಳುವುದಿಲ್ಲ.

ಕಾಂತಿ ಕುಲುಮೆಗೆ ಬಂದದ್ದು ಒಂಬತ್ತನೇ ವಯಸ್ಸಿನಲ್ಲಿ. ಅಣ್ಣ ಶೇಖರನ ಕೈಯಲ್ಲಿ ಅರ ಸೊಟ್ಟ ಹೋಗುತ್ತಿತ್ತು. ಒಂದು ದಿನ ಸಿಟ್ಟಿನಿಂದ ಆಚಾರಿ ಅರವನ್ನು ಕಿತ್ತು ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕೈಗೆ ಕೊಟ್ಟರು. ಅದು ನೂಲು ಹಿಡಿದಷ್ಟು ನೇರ ಹೋಯಿತು. ಶೇಖರ ಈಗ ದುಬೈಯಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುತ್ತಾನೆ, ಸುಖವಾಗಿದ್ದಾನೆ. ಕಾಂತಿಯನ್ನು ಬಂಟ್ವಾಳಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ನಾಲ್ಕು ವರ್ಷದಲ್ಲಿ ಕೈಯ ಮಸಿಯೂ ಹೋಗಲಿಲ್ಲ, ಅತ್ತೆಯ ಬಾಯಿಯೂ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಬಂದಳು. ಆ ವಿಷಯದಲ್ಲಿ ಅವಳು ಇಷ್ಟೇ ಹೇಳುವುದು, ನಮಗೂ ಅಷ್ಟೇ ಸಾಕು.

ಅರದ ಕೆಲಸ, ಮರದ ಕೆಲಸ, ನಳಿಗೆ ತಿಕ್ಕುವುದು, ಬಿರುಕು ಬೆಸೆಯುವುದು, ಎಲ್ಲವನ್ನೂ ಅಪ್ಪ ಕಲಿಸಿದರು. ಒಂದನ್ನು ಕಲಿಸಲಿಲ್ಲ. ಕೋವಿಯ ಒಳಗೆ ಕುದುರೆಯನ್ನು, ಎಂದರೆ ಮದ್ದಿಗೆ ಬೆಂಕಿ ಕೊಡುವ ಸುತ್ತಿಗೆಯನ್ನು, ಬಡಿಸುವ ಒಂದು ಸ್ಪ್ರಿಂಗು ಇರುತ್ತದೆ. ಉಕ್ಕನ್ನು ಬಾಗಿಸಿ, ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಮಾಡುವಂಥದ್ದು. ಹದ ಹೆಚ್ಚಾದರೆ ಸೀಗಡಿಯ ಹಾಗೆ ಬಾಗಿ ಕೂರುತ್ತದೆ, ಕಡಿಮೆಯಾದರೆ ಗಾಜಿನ ಹಾಗೆ ಮುರಿಯುತ್ತದೆ. ಸ್ಪ್ರಿಂಗಿನ ಕೆಲಸ ಬಂದಾಗಲೆಲ್ಲ ಆಚಾರಿ, "ನೀನು ಹೋಗಿ ಹಾಲು ತಾ" ಎಂದು ಅವಳನ್ನು ಕಳಿಸಿ ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವಳು ಹಾಲು ತರುವಷ್ಟರಲ್ಲಿ ಸ್ಪ್ರಿಂಗು ಕೂತಿರುತ್ತಿತ್ತು. ಹದದ ಗುಟ್ಟನ್ನು ಗಂಡುಮಗನಿಗಾಗಿ ಎತ್ತಿಟ್ಟಿದ್ದಾರೆ ಎಂದು ಅವಳಿಗೆ ಮೊದಲು ಬೇಸರ ಇತ್ತು. ಗಂಡುಮಗ ದುಬೈಗೆ ಹೋದ ಮೇಲೂ ಹೇಳಿಕೊಡದಿದ್ದಾಗ ಬೇಸರ ಸಿಟ್ಟಾಯಿತು.

ಪರವಾನಗಿಯ ಅವಧಿ ಆ ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು. ಎಂಬತ್ತು ದಾಟಿದವರ ಹೆಸರಿನಲ್ಲಿ ಇನ್ನು ನವೀಕರಣ ಇಲ್ಲ, ವಾರಸುದಾರರಿಗೆ ಮಾಡಿಸಿಕೊಳ್ಳಿ ಎಂದು ಕಾಗದ ಬಂತು. ಫೆಬ್ರವರಿಯಲ್ಲಿ ಕಾಂತಿ ತನ್ನ ಕೈಯಾರೆ ಅರ್ಜಿ ಬರೆದಳು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು, ಅಕ್ಷರ ಮುತ್ತಿನಂತಿದೆ. ಆದರೆ ಮನೆಯಲ್ಲಿ, ಕುಲುಮೆಯಲ್ಲಿ, ಸಿಟ್ಟಿನಲ್ಲಿ, ಕನಸಿನಲ್ಲಿ ತುಳು. 'ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬೆಡಿ ಮಾಡುತ್ತ ಬಂದಿರುತ್ತೇವೆ. ನನಗೂ ಬೆಡಿಯ ಕೆಲಸ ಪೂರ್ತಿ ತಿಳಿದಿರುತ್ತದೆ' ಎಂದು ಬರೆದು ಸಹಿ ಹಾಕಿದಳು. ತುಳುವಿನಲ್ಲಿ ಬೆಡಿ ಎಂದರೆ ಕೋವಿ. ಆದರೆ ದೇವಸ್ಥಾನದಲ್ಲಿ ಬಿಡುವ ಸಿಡಿಮದ್ದೂ ಬೆಡಿಯೇ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ, ಬರೆಯುವಾಗ ನೆನಪಿಗೆ ಬರಲಿಲ್ಲ ಅಷ್ಟೆ.

ಏಳು ತಿಂಗಳು ಉತ್ತರವಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಜೀಪಿನಲ್ಲಿ ಒಬ್ಬ ಇನ್ಸ್‌ಪೆಕ್ಟರು ಬಂದಿಳಿದು, ಕುಲುಮೆಯನ್ನು ಮೇಲಿನಿಂದ ಕೆಳಗೆ ನೋಡಿ, "ಗೋದಾಮು ಎಲ್ಲಿ ಉಂಟು?" ಎಂದು ಕೇಳಿದರು.

"ಗೋದಾಮು ಇಲ್ಲ ಸರ್. ಕಪಾಟು ಉಂಟು" ಎಂದಳು ಕಾಂತಿ.

"ಕಪಾಟಿನಲ್ಲಿ ಇಡ್ತೀರಾ? ಅದೂ ಬೆಂಕಿಯ ಪಕ್ಕದಲ್ಲಿ?"

"ಬೆಂಕಿ ಇಲ್ಲದೆ ಕೆಲಸ ಹೇಗೆ ಆಗ್ತದೆ ಸರ್?"

ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಟೇಪು ಹಿಡಿದು ಪಕ್ಕದ ಮನೆಗೆ ಎಷ್ಟು ದೂರ ಎಂದು ಅಳೆದರು. ಪಟಾಕಿ ತಯಾರಿಗೆ ಈ ಜಾಗ ಏನೇನೂ ಯೋಗ್ಯವಲ್ಲ, ಅರ್ಜಿ ತಿರಸ್ಕರಿಸಲಾಗಿದೆ ಎಂದು ಬರೆದು ಕೈಗೆ ಕೊಟ್ಟು ಹೋದರು. ಪಟಾಕಿ ಎಂಬ ಶಬ್ದ ಕಂಡ ಮೇಲೆಯೇ ಕಾಂತಿಗೆ ತನ್ನ ತಪ್ಪು ಹೊಳೆದದ್ದು. ಆ ದಿನ ಅವಳು ಮಧ್ಯಾಹ್ನ ಊಟ ಮಾಡಲಿಲ್ಲ. ಏಳು ತಿಂಗಳು ಒಂದು ಶಬ್ದಕ್ಕೆ ಹೋಗಿತ್ತು.

ಮರುದಿನವೇ ಮಂಗಳೂರಿನ ದೊಡ್ಡ ಕಚೇರಿಗೆ ಹೋದಳು. ಕೋವಿ ಪರವಾನಗಿ ನೋಡುವ ಅಧಿಕಾರಿ ಕಲಬುರಗಿ ಕಡೆಯವರು, ಬಂದು ವರ್ಷವಾಗಿರಲಿಲ್ಲ. ಫೈಲು ತರಿಸಿ ಓದಿದರು.

"ಏನ್ರಿ ಅಮ್ಮಾ, ಮನ್ಯಾಗ ಬೇಡಿ ಮಾಡ್ತೀವಿ ಅಂತ ಬರ್ದೀರಿ. ಬೇಡಿ ಪೊಲೀಸ್ರ ಹತ್ರ ಇರ್ತಾವಲ್ರಿ."

"ಬೇಡಿ ಅಲ್ಲ ಸರ್, ಬೆಡಿ."

"ಬೆಡಿ ಅಂದ್ರ ಪಟಾಕಿ ಅಂತ ನಮ್ಮ ಗುಮಾಸ್ತ ಹೇಳ್ಯಾನ. ಅದಕ್ಕ ಫೈಲು ಆ ಕಡೀಗೆ ಹೋಗ್ಯದ."

"ಅದೂ ಸರಿಯೇ ಸರ್. ಪಟಾಕಿಯೂ ಬೆಡಿ, ಕೋವಿಯೂ ಬೆಡಿ. ನಮಗೆ ಎರಡಕ್ಕೂ ಒಂದೇ ಹೆಸರು."

"ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು ಇಷ್ಟು ದಿನ ಹ್ಯಾಂಗ ಬದುಕೀರಿ?"

"ಸದ್ದು ಕೇಳಿದರೆ ಗೊತ್ತಾಗ್ತದೆ ಸರ್."

ಅಧಿಕಾರಿ ನಕ್ಕರು. ಆಮೇಲೆ ಅವಳು ತಂದಿದ್ದ, ಅಪ್ಪನ ಹೆಸರಿನ ಕೆಲಸದ ಪುಸ್ತಕದ ಹಾಳೆ ತಿರುವಿ ನಗು ನಿಲ್ಲಿಸಿದರು. ಅದರಲ್ಲಿ ದುರಸ್ತಿಯ ಲೆಕ್ಕ ಸಾಲುಸಾಲು ಇತ್ತು, ತಯಾರಿಯದ್ದು ಒಂದೂ ಇರಲಿಲ್ಲ. ಹಳೆಯ ಪುಸ್ತಕವನ್ನು ಗೆದ್ದಲು ತಿಂದಿದೆ ಎಂದು ಅಪ್ಪ ಹೇಳಿದ್ದನ್ನೇ ಕಾಂತಿ ಹೇಳಿದಳು. ಅಧಿಕಾರಿಗೆ ಅದು ಸಾಲಲಿಲ್ಲ. ಇದ್ದ ಪರವಾನಗಿ ಇದ್ದ ಹಾಗೆಯೇ ವಾರಸುದಾರರಿಗೆ ಹೋಗಬೇಕು, ದುರಸ್ತಿಯನ್ನಷ್ಟೇ ಹರಿದು ಕೊಡಲು ಬರುವುದಿಲ್ಲ, ತಯಾರಿ ಗೊತ್ತಿರುವವರಿಗೇ ಕೊಡಬೇಕು ಎಂದರು.

"ಹಿಂಗ್ ಮಾಡ್ರಿ. ನಿಮ್ಮ ತಂದೀ ಪರವಾನಗಿ ಡಿಸೆಂಬರ್ ತನಕ ನಡೀತದ. ಅದರ ಅಡಿಯಾಗ, ಪುಸ್ತಕದಾಗ ಬರ್ದು, ಒಂದು ಕೋವಿ ನೀವೇ ಮಾಡ್ರಿ. ಪ್ಯಾಟಿಯಿಂದ ತಂದ ಒಂದು ತಿರುಪೂ ಇರಬಾರದು. ಡಿಸೆಂಬರ್ ಇಪ್ಪತ್ತನೇ ತಾರೀಕಿಗೆ ಪೊಲೀಸ್ ಪರೀಕ್ಷಕರ ಮುಂದ ತರ್ರಿ. ಐದು ಸಲ ಹೊಡೀಬೇಕು. ಆತಂದ್ರ ಪರವಾನಗಿ ನಿಮ್ಮದು. ಇಲ್ಲಂದ್ರ ಅಂಗಡಿಗೆ ಬೀಗ."

"ಮಾಡ್ತೇನೆ ಸರ್" ಎಂದಳು ಕಾಂತಿ. ಹದ ತನಗೆ ಗೊತ್ತಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ನೆನಪಾಯಿತು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. "ಕೇಪಿನ ಕೋವಿ ಮಾಡಿದರೆ ಬೆಂಕಿ ಕೊಡುವ ಕೇಪು ಪೇಟೆಯಿಂದ ಬರಬೇಕು. ಕಲ್ಲಿನ ಕೋವಿ ಮಾಡುವ. ಕಿಡಿ ಕೊಡುವ ಬೆಣಚುಕಲ್ಲು ಗುಡ್ಡೆಯಲ್ಲಿ ಬೇಕಾದಷ್ಟು ಉಂಟು."

ಆಚಾರಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಅದು ಕಷ್ಟ ಮಗಾ" ಎಂದರು.

ದುಬೈಯಿಂದ ಶೇಖರ ಫೋನು ಮಾಡಿ, "ಮುಚ್ಚಿಬಿಡು ಮಾರಾಯ್ತಿ, ಯಾರಿಗೆ ಬೇಕು ಈ ಕಾಲದಲ್ಲಿ? ನಾನು ತಿಂಗಳು ತಿಂಗಳು ಕಳಿಸ್ತೇನೆ" ಎಂದ. ಪ್ರೀತಿಯಿಂದಲೇ ಹೇಳಿದ್ದು. ಕಾಂತಿಗೆ ಸಿಟ್ಟು ಬಂದರೆ ಮಾತು ಹೆಚ್ಚಾಗುವುದಿಲ್ಲ, ಕೆಲಸ ಹೆಚ್ಚಾಗುತ್ತದೆ. "ಊಟ ಆಯ್ತಾ ಅಣ್ಣ?" ಎಂದು ಕೇಳಿ ಫೋನಿಟ್ಟು ಕುಲುಮೆಗೆ ಇದ್ದಿಲು ಸುರಿದಳು.

ನೋಡಿ ಮಾಡಲು ಒಂದು ಮಾದರಿ ಬೇಕಿತ್ತು. ಗುಡ್ಡದ ಊರಿನ ಕೃಷಿಕ ಹುಕ್ರಪ್ಪನ ಮನೆಯಲ್ಲಿ ಪರವಾನಗಿ ಇದ್ದ ಹಳೆಯ ಕಲ್ಲಿನ ಕೋವಿ ಒಂದಿತ್ತು. ಕಾಂತಿಯ ಅಜ್ಜ ಮಾಡಿದ್ದು. ವಿಷಯ ಕೇಳಿ ಅವನೇ ಅದನ್ನು ಹೊತ್ತು ತಂದ.

"ಇದರ ಸ್ಪ್ರಿಂಗು ಮುರಿದು ಇಪ್ಪತ್ತು ವರ್ಷ ಆಯ್ತು ಅಕ್ಕ. ಆಚಾರಿಗೆ ಎಷ್ಟು ಸಲ ಹೇಳಿದೆ, ಇದಕ್ಕೆ ಹೊಂದುವುದು ಇಲ್ಲ ಅಂತ ಹೇಳಿದರು. ನೀನು ನೋಡಿಕೊಂಡು ಮಾಡು. ನಿನ್ನ ಬಾಗಿಲು ಮುಚ್ಚಿದರೆ ನಾವು ಕೋವಿ ಹೊತ್ತುಕೊಂಡು ಮಂಗಳೂರಿಗೆ ಹೋಗಬೇಕು. ಅಷ್ಟರಲ್ಲಿ ಹಂದಿ ಗದ್ದೆ ಕೊಯ್ಲು ಮುಗಿಸ್ತದೆ."

ಅವಳು ಅಜ್ಜನ ಕೋವಿಯನ್ನು ಬಿಚ್ಚಿ, ಒಂದೊಂದು ಭಾಗವನ್ನೂ ನೂಲಿನಿಂದ ಅಳೆದು ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಹನ್ನೆರಡು ದಿನ ಆ ನೆಲದ ಮೇಲೆ ಯಾರೂ ಕಾಲಿಡಲಿಲ್ಲ. ಆಚಾರಿಯೂ ಸುತ್ತು ಹಾಕಿಕೊಂಡೇ ಬಚ್ಚಲಿಗೆ ಹೋಗುತ್ತಿದ್ದರು.

ಮರಕ್ಕೆ ಮೆಲ್ಕಾರಿಗೆ ಹೋದಳು. ಅಲ್ಲಿ ಅಬ್ದುಲ್ ರವೂಫ್ ಕೆಡವಿದ ಮನೆಗಳ ಬಾಗಿಲು, ತೊಲೆ ಮಾರುತ್ತಾರೆ. ಅವಳ ಅಪ್ಪನಿಗಿಂತ ಹತ್ತು ವರ್ಷ ಕಿರಿಯರು.

"ರವೂಫಾಕ, ಬೀಟೆಯ ತುಂಡು ಬೇಕು. ನಾಲ್ಕು ಅಡಿ, ಗಂಟು ಇರಬಾರದು."

"ಎಂತಕ್ಕೆ ಮೋಳೆ?" ಎಂದರು ಅವರು, ಸ್ವಂತ ಮಗಳನ್ನು ಕರೆಯುವ ಹಾಗೆ.

"ಕೋವಿಗೆ."

ರವೂಫ್ ರಾಶಿಯ ಅಡಿಯಿಂದ ಒಂದು ದಾರಂದದ ತುಂಡು ಎಳೆದು ಕೊಟ್ಟರು. "ನಿನ್ನ ಅಜ್ಜನಿಗೆ ನನ್ನ ಬಾಪ ಕೋವಿಯ ಮರ ಕೊಟ್ಟದ್ದು ನನಗೆ ನೆನಪುಂಟು. ಆಮೇಲೆ ನಿಮ್ಮ ಮನೆಯವರು ಕೇಳಿದ್ದು ಇವತ್ತೇ" ಎಂದರು. ಅಪ್ಪ ಮರವನ್ನು ಬೇರೆ ಎಲ್ಲಿಂದಲೋ ತರಿಸುತ್ತಿದ್ದರೇನೋ ಎಂದುಕೊಂಡು ಕಾಂತಿ ತುಂಡನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದಳು.

ನಳಿಗೆಗೆ ಮೂರು ವಾರ ಹೋಯಿತು. ಆ ಕೆಲಸದ ವಿವರ ಇಲ್ಲಿ ಬೇಡ, ಪರವಾನಗಿ ಇಲ್ಲದವರು ಓದಿ ಕೈ ಸುಟ್ಟುಕೊಂಡಾರು. ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಒಂದು ಕೂದಲೆಳೆಯ ನೆರಳೂ ಬೀಳದ ಹಾಗೆ ಅದನ್ನು ತಿಕ್ಕಿದಳು ಎಂದರೆ ಸಾಕು. ಕಲ್ಲು ಕಚ್ಚುವ ಕುದುರೆ, ಕಲ್ಲು ಉಜ್ಜಿದಾಗ ಕಿಡಿ ಕೊಡುವ ಉಕ್ಕಿನ ತಗಡು, ಅದರ ಕೆಳಗೆ ಚಿಟಿಕೆ ಮದ್ದು ಹಿಡಿಯುವ ಬಟ್ಟಲು, ಇವೆಲ್ಲ ಒಂದೊಂದಾಗಿ ಅರದ ಬಾಯಿಂದ ಹುಟ್ಟಿ ಬಂದವು. ತಿರುಪುಗಳನ್ನೂ ಅವಳೇ ಕೊರೆದಳು. ನವೆಂಬರ್ ಕೊನೆಗೆ ಕೋವಿ ಕೋವಿಯ ಹಾಗೆ ಕಾಣಿಸಿತು. ಸ್ಪ್ರಿಂಗಿನ ಜಾಗ ಮಾತ್ರ ಬರಿದು.

"ಅಪ್ಪ, ಇನ್ನು ಹದ ಹೇಳಿಕೊಡಿ" ಎಂದಳು.

"ಹದ ಹೇಳಿದರೆ ಬರುವುದಲ್ಲ ಮಗಾ."

"ತೋರಿಸಿ. ನೋಡಿ ಕಲಿತೇನೆ."

"ನನ್ನ ಕೈ ನಡುಗ್ತದೆ" ಎಂದು ಆಚಾರಿ ಕೊಡೆ ತೆಗೆದುಕೊಂಡು ಚಾ ಕುಡಿಯಲು ಹೊರಟರು. ಮನೆಯಲ್ಲಿ ಚಾ ಆಗಷ್ಟೇ ಆಗಿತ್ತು.

ಕಾಂತಿ ಉಕ್ಕಿನ ತುಂಡೊಂದನ್ನು ಎತ್ತಿಕೊಂಡಳು. ಸಾಯುವಾಗ ಕಟ್ಟಿಕೊಂಡು ಹೋಗುತ್ತಾರಾ ಈ ಹದವನ್ನು, ಎಂದು ಹಲ್ಲು ಕಚ್ಚಿ ಒಬ್ಬಳೇ ಕೂತಳು. ಮೊದಲ ಸ್ಪ್ರಿಂಗು ಎರಡನೇ ಒತ್ತಿಗೇ ಮುರಿಯಿತು. ಎರಡನೆಯದು ಬಾಗಿ ಅಲ್ಲೇ ಮಲಗಿತು. ಮೂರನೆಯದು ತಣಿಸುವಾಗಲೇ ಸೀಳಿತು, ತುಂಡು ಹಾರಿ ಕನ್ನಡಕದ ಗಾಜಿಗೆ ಗೀರು ಬಿತ್ತು. ನಾಲ್ಕನೆಯದು ಒಂದು ದಿನ ಪೂರ್ತಿ ನಿಂತು ಆಸೆ ಹುಟ್ಟಿಸಿ ಮರುದಿನ ಮುರಿಯಿತು. ಅದು ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು.

ತಾಮ್ರದ ಮೊಳೆಯೋ ಏನೋ ಹುಡುಕಲು ಅಪ್ಪನ ಹಾಸಿಗೆಯ ಕೆಳಗಿನ ತಗಡಿನ ಪೆಟ್ಟಿಗೆ ಎಳೆದಳು. ಅದರ ತುಂಬ ಹಳೆಯ ಸ್ಪ್ರಿಂಗುಗಳು, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ದೊಡ್ಡದು ಸಣ್ಣದು ಬೇರೆ ಬೇರೆ ಮಾಡಿ ಇಟ್ಟಿದ್ದವು. ಗುಜರಿ ಕೋವಿಗಳಿಂದ ತೆಗೆದವು. ಅವುಗಳಲ್ಲಿ ಒಂದು, ಈಚೆಗೆ ಸಿಕ್ಕಿದ್ದಿರಬೇಕು, ಹೆಚ್ಚುಕಡಿಮೆ ಅವಳ ಕೋವಿಯ ಅಳತೆಯದೇ ಇತ್ತು. ಸ್ವಲ್ಪ ಅರ ಹಾಕಿದರೆ ಕೂರುತ್ತದೆ. ಅದನ್ನು ಅಂಗೈಯಲ್ಲಿಟ್ಟು ಅವಳು ತುಂಬ ಹೊತ್ತು ನಿಂತಳು. ನಿಜ ಹೇಳಬೇಕೆಂದರೆ ಮನಸ್ಸು ಆಡಿತು. ಹನ್ನೊಂದು ದಿನ ಉಳಿದವರ ಮನಸ್ಸು ಆಡದಿದ್ದರೆ ಅವರು ಮನುಷ್ಯರಲ್ಲ.

ಬಾಗಿಲಲ್ಲಿ ಅಪ್ಪ ನಿಂತಿದ್ದರು. "ಅದನ್ನೇ ಹಾಕು" ಎಂದರು ಮೆಲ್ಲಗೆ. "ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ" ಎಂದಳು ಕಾಂತಿ. ಸ್ಪ್ರಿಂಗನ್ನು ಬಟ್ಟೆಯಲ್ಲಿ ಸುತ್ತಿ ಇದ್ದಲ್ಲೇ ಇಟ್ಟು ಪೆಟ್ಟಿಗೆ ಮುಚ್ಚಿದಳು. ಅಪ್ಪನ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲಿ ಸಿಟ್ಟಿಗಿಂತ ಬೇರೆ ಏನೋ ಕಾಣುತ್ತಿತ್ತು.

ಆ ಸಂಜೆ ಅವಳು ಕೆಟ್ಟ ನಾಲ್ಕನ್ನೂ ಸಾಲಾಗಿಟ್ಟುಕೊಂಡು ಯೋಚಿಸಿದಳು. ಕಬ್ಬಿಣದ ಬಣ್ಣ ನೋಡಿ ಹದ ತಿಳಿಯಬೇಕು, ಅದು ಗೊತ್ತಿತ್ತು. ತಾನು ನೋಡಿದ ಬಣ್ಣ ಒಂದೊಂದು ಸಲ ಒಂದೊಂದು ಯಾಕೆ? ಒಂದನ್ನು ಬೆಳಿಗ್ಗೆ ಎಂಟಕ್ಕೆ ಮಾಡಿದ್ದು, ಒಂದನ್ನು ನಡು ಮಧ್ಯಾಹ್ನ, ಒಂದನ್ನು ಮೋಡ ಇದ್ದಾಗ. ಕುಲುಮೆ ಪೂರ್ವಕ್ಕೆ ತೆರೆದಿದೆ, ಬಿಸಿಲು ನೇರ ಕಬ್ಬಿಣದ ಮೇಲೆ ಬೀಳುತ್ತದೆ. ಬಿಸಿಲಿಗೆ ಹಿಡಿದ ಸೀರೆಯ ಬಣ್ಣ ಅಂಗಡಿಯೊಳಗೆ ಬೇರೆ ಕಾಣುತ್ತದೆ ಎಂಬುದು ಯಾವ ಹೆಂಗಸಿಗೆ ಗೊತ್ತಿಲ್ಲ? ಮರುದಿನ ಅಡಿಕೆ ಒಣಗಿಸುವ ಟಾರ್ಪಾಲನ್ನು ಮೂರು ಬದಿಗೂ ಕಟ್ಟಿ ಹಗಲಲ್ಲೇ ಕತ್ತಲೆ ಮಾಡಿದಳು. ಸೀಳದ ಹಾಗೆ ನಿಧಾನ ತಣಿಸಲು ತೆಂಗಿನೆಣ್ಣೆ ಬಿಟ್ಟು ದಪ್ಪನೆಯ ಹೊನ್ನೆ ಎಣ್ಣೆ ಇಟ್ಟಳು. ತಣಿದ ಉಕ್ಕನ್ನು ಕನ್ನಡಿಯ ಹಾಗೆ ಉಜ್ಜಿ ಕೆಂಡದಿಂದ ಮೇಲಕ್ಕೆ ಹಿಡಿದು ಕಣ್ಣು ಮಿಟುಕಿಸದೆ ನೋಡಿದಳು. ಮೊದಲು ಅರಸಿನದ ಬಣ್ಣ ಬಂತು. ಅದು ಗೇರುಹಣ್ಣಿನ ಕೆಂಪಿಗೆ ತಿರುಗಿತು. ಆಮೇಲೆ ನೇರಳೆ. ನೇರಳೆ ಮುಗಿದು ನೀಲಿ ಶುರುವಾಗುವ ಜಾಗದಲ್ಲಿ ಕೈ ಹಿಂದಕ್ಕೆ ತೆಗೆದಳು.

ಐದನೆಯ ಸ್ಪ್ರಿಂಗು ಮುರಿಯಲಿಲ್ಲ. ಇನ್ನೂರು ಸಲ ಒತ್ತಿ ಬಿಟ್ಟಳು, ಮುರಿಯಲಿಲ್ಲ. ಮರುದಿನವೂ, ಅದರ ಮರುದಿನವೂ ಮುರಿಯಲಿಲ್ಲ. ಆಗ ಅವಳು ಟಾರ್ಪಾಲಿನ ಒಳಗೆ ಕೂತು ಅತ್ತಳು. ಖುಷಿಗೆ ಅರ್ಧ, ಅಪ್ಪನ ಮೇಲಿನ ಸಿಟ್ಟಿಗೆ ಅರ್ಧ.

ಇಪ್ಪತ್ತನೇ ತಾರೀಕು ಅಪ್ಪ, ಮಗಳು ಇಬ್ಬರೂ ಹೋದರು. ಪರವಾನಗಿದಾರರು ಖುದ್ದಾಗಿ ಬರಬೇಕೆಂದು ಕಾಗದದಲ್ಲಿತ್ತು. ಪೊಲೀಸರ ಗುಂಡು ಹಾರಿಸುವ ಮೈದಾನದಲ್ಲಿ ಪರೀಕ್ಷಕರು ಕೋವಿಯ ಪ್ರತಿಯೊಂದು ತಿರುಪನ್ನೂ ನೋಡಿ, ಮರದ ಚೌಕಟ್ಟಿಗೆ ಬಿಗಿದು, ದೂರ ನಿಂತು ಹಗ್ಗ ಎಳೆದರು. ಕುದುರೆ ಬಡಿಯಿತು, ಕಿಡಿ ಹಾರಿತು, ಬಟ್ಟಲಿನ ಮದ್ದು ಭುಸ್ಸೆಂದಿತು. ಕೋವಿ ಸುಮ್ಮನಿತ್ತು.

ಪರೀಕ್ಷಕರು ಕಾಗದದ ಕಡೆಗೆ ಪೆನ್ನು ಒಯ್ದರು. ಕಾಂತಿ ಮುಂದೆ ಬಂದಳು. "ಒಂದು ನಿಮಿಷ ಸರ್, ತೂತು ಕಟ್ಟಿದೆ ಅಷ್ಟೆ" ಎಂದಳು. ಅವರು ಹೇಳಿದಷ್ಟು ಹೊತ್ತು ಕಾದು, ಹತ್ತಿರ ಹೋಗಿ, ಬಳೆಯಿಂದ ಒಂದು ಪಿನ್ನು ತೆಗೆದು ಕಿಡಿ ಒಳಗೆ ಹೋಗುವ ಸಣ್ಣ ತೂತನ್ನು ಚುಚ್ಚಿ ಬಿಡಿಸಿದಳು.

"ಪಿನ್ನು ಪೇಟೆಯದ್ದಲ್ವಾ?" ಎಂದರು ಪರೀಕ್ಷಕರು.

"ಸೀರೆಯದ್ದು ಸರ್, ಕೋವಿಯದ್ದಲ್ಲ."

ಆಮೇಲೆ ಕೋವಿ ಐದು ಸಲ ಹೊಡೆಯಿತು. ಐದನೆಯ ಸದ್ದಿಗೆ ಮೈದಾನದಾಚೆಯ ಕೊಕ್ಕರೆಗಳೆಲ್ಲ ಎದ್ದವು. ಅಣ್ಣಿ ಆಚಾರಿ ಚೌಕಟ್ಟಿನ ಹತ್ತಿರ ಹೋಗಿ ಇನ್ನೂ ಬಿಸಿಯಿದ್ದ ನಳಿಗೆಯ ಮೇಲೆ ನಡುಗುವ ಬೆರಳಿಟ್ಟರು. ಒಂದು ಒಳ್ಳೆಯ ಮಾತಾದರೂ ಆಡಬಾರದೇ ಎಂದುಕೊಂಡಳು ಕಾಂತಿ.

ಕಚೇರಿಯಲ್ಲಿ ಅಧಿಕಾರಿ ಪರೀಕ್ಷಕರ ವರದಿ ಓದಿ, "ಭೇಷ್ ರಿ" ಎಂದು ಫಾರಂ ತುಂಬಿಸಿದರು. ಕೊನೆಗೆ ಒಂದು ಹಾಳೆಯನ್ನು ಆಚಾರಿಯ ಕಡೆ ತಿರುಗಿಸಿದರು.

"ಯಜಮಾನ್ರ, ಇಲ್ಲೊಂದು ಸಹಿ. 'ಕೋವಿ ತಯಾರಿಯನ್ನು ನಾನೇ ಇವರಿಗೆ ಕಲಿಸಿರುತ್ತೇನೆ' ಅಂತ ಬರ್ದೀವಿ. ವಂಶದ ಕೆಲಸಾ ಅಂತ ಆಗಬೇಕಲ್ರಿ, ಅದಕ್ಕ."

ಆಚಾರಿ ಹಾಳೆ ನೋಡಿದರು. ಪೆನ್ನು ತೆಗೆದುಕೊಳ್ಳಲಿಲ್ಲ. "ಇದಕ್ಕೆ ನಾನು ಸಹಿ ಹಾಕುವುದಿಲ್ಲ" ಎಂದರು.

ಕಾಂತಿಗೆ ಭೂಮಿ ಬಾಯಿ ಬಿಟ್ಟ ಹಾಗಾಯಿತು. "ಅಪ್ಪ" ಎಂದಳು. ಇಷ್ಟೆಲ್ಲ ಆದ ಮೇಲೆ, ಈ ಕೊನೆಯ ಗೆರೆಯಲ್ಲಿ, ಇಷ್ಟು ಹಟವೇ?

"ನೀವು ಹಾಕಲಿಲ್ಲಂದ್ರ ಫೈಲು ಇಲ್ಲೇ ನಿಲ್ತದ" ಎಂದರು ಅಧಿಕಾರಿ.

"ನಿಲ್ಲದ ಹಾಗೆ ನೀವು ನೋಡಬೇಕು ಸರ್. ಸುಳ್ಳಿಗೆ ಸಹಿ ಹಾಕಲಿಕ್ಕೆ ನನಗೆ ಇನ್ನು ಆಗುವುದಿಲ್ಲ, ಅರುವತ್ತು ವರ್ಷ ಹಾಕಿ ಆಯ್ತು." ಆಚಾರಿ ಮೇಜಿನ ಅಂಚು ಹಿಡಿದುಕೊಂಡರು. "ನನ್ನ ಅಪ್ಪ ಸಾಯುವಾಗ ನನಗೆ ಹದಿನಾರು. ಮರದ ಕೆಲಸ ಕಲಿಸಿದ್ದರು, ಅರದ ಕೆಲಸ ಕಲಿಸಿದ್ದರು. ಕೋವಿ ಮಾಡಲಿಕ್ಕೆ ಕಲಿಸುವ ಮೊದಲೇ ಹೋದರು. ಹೆಸರು ಇತ್ತು, ಜನ ಬರುತ್ತಿದ್ದರು. ಗೊತ್ತಿಲ್ಲ ಅಂತ ಹೇಳಲಿಕ್ಕೆ ನಾಚಿಕೆ ಆಯ್ತು. ಹೊಸ ಕೋವಿ ಕೇಳಿದವರಿಗೆ ಇವತ್ತು ನಾಳೆ ಅಂತ ಹೇಳಿ ಕಳಿಸಿದೆ. ಸ್ಪ್ರಿಂಗು ಬೇಕಾದರೆ ಗುಜರಿ ಕೋವಿಯದ್ದು ತೆಗೆದು ಹಾಕಿದೆ. ಇವಳನ್ನು ಹಾಲಿಗೆ ಕಳಿಸಿ ಬಾಗಿಲು ಹಾಕಿಕೊಂಡು ಹಾಕಿದೆ. ಪುಸ್ತಕವನ್ನು ಗೆದ್ದಲು ತಿಂದದ್ದಲ್ಲ ಸರ್, ಬರೆಯಲಿಕ್ಕೆ ಏನೂ ಇರಲಿಲ್ಲ. ನಾನು ಒಂದೇ ಒಂದು ಕೋವಿ ಮಾಡಿದವನಲ್ಲ. ಅಪ್ಪ ಹೋದ ಮೇಲೆ ಹೊಸದಾಗಿ ಹುಟ್ಟಿದ ಕೋವಿಯನ್ನು ನಾನು ಕಂಡದ್ದೇ ಇವತ್ತು."

ಕಾಂತಿ ಅಪ್ಪನನ್ನೇ ನೋಡುತ್ತಿದ್ದಳು. ಮೂವತ್ತೆಂಟು ವರ್ಷ ತನ್ನಿಂದ ಮುಚ್ಚಿಟ್ಟದ್ದು ಹದವನ್ನಲ್ಲ, ಹದ ಗೊತ್ತಿಲ್ಲದ್ದನ್ನು. ಸಿಟ್ಟು ಇಡೀ ಮೈಯಿಂದ ಇಳಿದು ಹೋಗಿ ಆ ಜಾಗದಲ್ಲಿ ಏನು ಬಂತೆಂದು ಅವಳಿಗೆ ಹೇಳಲು ಗೊತ್ತಾಗಲಿಲ್ಲ.

ಅಧಿಕಾರಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡರು. ಅಚ್ಚಾದ ಸಾಲಿನ ಮೇಲೆ ಗೀಟು ಹಾಕಿ, 'ಅರ್ಜಿದಾರರು ಸ್ವಂತವಾಗಿ ಕಲಿತಿರುತ್ತಾರೆ' ಎಂದು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಮಾಡಿದರು. "ನಿಮ್ಮ ತಂದೀ ಹೆಸರಲೇ ಕೊಡಬೇಕಂತ ಇದ್ದೆ. ಈಗ ನಿಮ್ಮ ಕೈ ನೋಡೇ ಕೊಡ್ತೀನಿ" ಎಂದು ಕಾಂತಿಗೆ ಹೇಳಿ, ಆಚಾರಿಯ ಕಡೆ ತಿರುಗಿದರು. "ಇದನ್ನ ಕಣ್ಣಾರೆ ನೋಡೀರಿ ಅಂತ ಸಾಕ್ಷಿ ಹಾಕ್ತೀರೇನ್ರಿ?"

"ಅದಕ್ಕೆ ಹಾಕ್ತೇನೆ" ಎಂದರು ಅಣ್ಣಿ ಆಚಾರಿ. ನಡುಗುವ ಕೈಯಲ್ಲಿ ಹೆಸರು ಬರೆಯಲು ಎರಡು ನಿಮಿಷ ಬೇಕಾಯಿತು. ಅವಸರ ಮಾಡಲಿಲ್ಲ.

ಇಬ್ಬರೂ ಊರಿನ ಬಸ್ಸು ಹತ್ತಿದರು. ಮಿಜಾರಿನಲ್ಲಿ ಕಾಲೇಜಿನ ಮಕ್ಕಳು ಹತ್ತಿ ಬಸ್ಸು ತುಂಬಿತು. ಗಲಾಟೆಯ ನಡುವೆ ಆಚಾರಿ ಮಗಳ ಕಡೆ ಬಾಗಿದರು.

"ಕಾಂತಿ."

"ಎಂತ ಅಪ್ಪ?"

"ಆ ಹದ ಹೇಗೆ ನೋಡುವುದು? ನನಗೆ ಹೇಳಿಕೊಡು. ನನ್ನ ಕೈಯಲ್ಲಿ ಒಂದು ಸ್ಪ್ರಿಂಗು ಮಾಡಿ ನೋಡಬೇಕು."

ಕಾಂತಿ ಕಿಟಕಿಯ ಹೊರಗೆ ನೋಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊದಲು ನಾಲ್ಕು ಮುರಿಯುತ್ತದೆ ಅಪ್ಪ" ಎಂದಳು.

"ಮುರಿಯಲಿ" ಎಂದರು ಆಚಾರಿ. "ನೀನು ಹೇಳು."

ಅವಳು ಕುಲುಮೆಗೆ ಇದ್ದಿಲು ಹಾಕುವುದರಿಂದ ಶುರು ಮಾಡಿದಳು. ಎಂಬತ್ತೊಂದು ವರ್ಷದ ಅಣ್ಣಿ ಆಚಾರಿ ಕೈಗಳನ್ನು ಮಡಿಲಲ್ಲಿ ಕೂಡಿಸಿಟ್ಟುಕೊಂಡು, ನಡುವೆ ಬಾಯಿ ಹಾಕದೆ, ಊರು ಬರುವ ತನಕ ಕೇಳಿಸಿಕೊಂಡರು.